ಸೀಟ್ ಬೆಲ್ಟಿನ ಕೊನೆಯ ಗೇಣು

ಅಬ್ದುಲ್ ರವೂಫನಷ್ಟು ಪುಕ್ಕಲ ಮನುಷ್ಯನನ್ನು ದುಬಾಯಿಯ ರಾಸ್ ಅಲ್ ಖೋರ್ ಕಂಡಿಲ್ಲ ಎಂದು ಅವನ ಜೊತೆ ಕೆಲಸ ಮಾಡುವ ಸವಾದ್ ಎಲ್ಲರೆದುರೂ ಹೇಳುತ್ತಿದ್ದ. ಲಿಫ್ಟಿಗೆ ಹೆದರಿಕೆ, ಧಣಿ ಅರ್ಬಾಬನ ಫೋನು ಬಂದರೆ ಹೆದರಿಕೆ, ವೀಸಾ ಮುಗಿಯಲು ವರ್ಷವಿರುವಾಗಲೇ ಹೆದರಿಕೆ. ಮಾತು ಸುಳ್ಳಲ್ಲ. ಆದರೆ ನೀರಿನ ಹೆದರಿಕೆಯ ಮುಂದೆ ಇವೆಲ್ಲ ಏನೂ ಅಲ್ಲ. ಪಾಣೆಮಂಗಳೂರಿನಲ್ಲಿ ಚಿಕ್ಕವನಿದ್ದಾಗ ನೇತ್ರಾವತಿ ಅಡುಗೆಮನೆಯೊಳಗೆ ಬಂದು ಹೋದದ್ದನ್ನು ಅವನು ಕಂಡಿದ್ದ. ಆ ಕೆಸರಿನ ವಾಸನೆ ಅವನ ಮೂಗು ಬಿಟ್ಟು ಹೋಗಲೇ ಇಲ್ಲ. ಅಂಥವನಿಗೆ ಈ ಮರಳುಗಾಡಿನಲ್ಲಿ ಸಿಕ್ಕ ಕೆಲಸ ನೋಡಿ: ನೆರೆಯಲ್ಲಿ ಮುಳುಗಿದ ಅಮೆರಿಕದ ಗಾಡಿಗಳನ್ನು ತೊಳೆದು ಹೊಸದರಂತೆ ಮಾಡುವುದು!

ಆ ವರ್ಷ ಬಂದ ಗಾಡಿಗಳಲ್ಲಿ ಒಂದೇ ಊರಿನವು ಹಲವಿದ್ದವು. ಎಲ್ಲದರ ಹಿಂದಿನ ಗಾಜಿನಲ್ಲೂ ಒಂದೇ ಸ್ಟಿಕ್ಕರ್. ಗಡಿಯಾರದ ಗೋಪುರ, ಕಬ್ಬಿಣದ ಸೇತುವೆ, ಕೆಳಗೆ ಮಾರ್ಲೋಬರ್ಗ್ ಎಂಬ ಹೆಸರು. ಅದನ್ನು ಮಾತ್ರ ಕೀಳಬೇಡ, ಅಮೆರಿಕದ್ದೆಂದು ಗಿರಾಕಿಗೆ ಗೊತ್ತಾಗಲಿ ಎಂದು ಅರ್ಬಾಬನ ತಾಕೀತು.

ಊಟದ ಬಿಡುವಿನಲ್ಲಿ ರವೂಫ್ ಆ ಊರನ್ನು ಫೋನಿನಲ್ಲಿ ಹುಡುಕಿದ. ಅಜ್ಜಿಯೊಬ್ಬಳು ಊರು ಸುತ್ತುತ್ತ ಕತೆ ಹೇಳುವ ವಿಡಿಯೊ ಸಿಕ್ಕಿತು. ದೋಣಿ ದಾಟಿಸುವವನೊಬ್ಬ ಹೊಳೆಯ ಬದಿಗೆ ಮೊದಲ ಗುಡಿಸಲು ಹಾಕಿದನಂತೆ. ಅವನ ಬೆನ್ನಿಗೆ ಹಿಟ್ಟಿನ ಗಿರಣಿ ಬಂತು, ಗಿರಣಿಯನ್ನು ಹೊಳೆ ಒಯ್ಯಿತು, ಅಡಿಪಾಯದ ಕಲ್ಲು ಈಗಲೂ ಉಂಟು. ಊರವರು ಹಟ ಹಿಡಿದು ಅಲ್ಲೇ ಕೋರ್ಟು ಕಟ್ಟಿದರು, ಗೋಪುರ ಕಟ್ಟಿದರು, ಸೇತುವೆ ಹಾಕಿದರು. ದಿಬ್ಬದ ಮೇಲಿನ ಚರ್ಚಿನ ಗಂಟೆ ಪ್ರಾರ್ಥನೆಗಿಂತ ನೆರೆಗೇ ಹೆಚ್ಚು ಹೊಡೆದಿದೆಯಂತೆ. ಕೊನೆಗೆ ಅಜ್ಜಿ ಹಳೆಯ ಬ್ಯಾಂಕಿನ ಇಟ್ಟಿಗೆ ಗೋಡೆಗೆ ಒರಗಿ ನಿಂತಳು. ಗೋಡೆಯ ಮೇಲೆ ಬಿಳಿ ಗೆರೆಗಳು, ಪಕ್ಕದಲ್ಲಿ ಇಸವಿಗಳು. ಪ್ರತಿ ನೆರೆಗೂ ನೀರು ಎಲ್ಲಿವರೆಗೆ ಬಂತೆಂದು ಊರವರೇ ಗೆರೆ ಎಳೆಯುತ್ತಾರೆ, ಆಮೇಲೆ ಬರುವವರಿಗೆ ತಿಳಿದಿರಲಿ ಎಂದು. ಹೊಸ ಗೆರೆ ಅಜ್ಜಿಯ ಭುಜದ ಮಟ್ಟಕ್ಕಿತ್ತು.

"ಅದೆಂತ ಮಾರಾಯ, ನಿನ್ನ ಹೆಂಡತಿಯ ಊರಾ? ದಿನಾ ನೋಡ್ತೀಯಲ್ಲ!" ಎಂದು ಸವಾದ್ ಕಾಲೆಳೆದ.

ರವೂಫನಿಗೆ ನಗು ಬರಲಿಲ್ಲ. ಆ ಊರು ಎಳೆಯುವ ಗೆರೆಯನ್ನು ಇಲ್ಲಿ ಅಳಿಸುವವನು ತಾನು. ಈಚೆಗೆ ಬಿಸ್ಮಿ ಹೇಳದೆ ಆ ಗಾಡಿಗಳ ಬಾಗಿಲು ತೆರೆಯಲು ಅವನಿಗೆ ಕೈಯೇ ಬರುತ್ತಿರಲಿಲ್ಲ. ಸೀಟು ಬಿಚ್ಚಿ ಕೆಸರು ತೆಗೆಯುವುದು, ಹಾಸು ತೊಳೆದು ಬಿಸಿಲಿಗೆ ಹಾಕುವುದು, ಕೊನೆಗೆ ಊದ್ ಅತ್ತರು ಹೊಡೆಯುವುದು. ಸೀಟ್ ಬೆಲ್ಟನ್ನು ಸಾಧಾರಣವಾಗಿ ಎಳೆದರೆ ಎಷ್ಟು ಹೊರಗೆ ಬರುತ್ತದೋ ಅಷ್ಟನ್ನು ಮಾತ್ರ ತಿಕ್ಕುತ್ತಿದ್ದ. ಒಳಗೆ ಸುತ್ತಿಕೊಂಡಿರುವ ಕೊನೆಯ ಗೇಣಿನಲ್ಲಿ ಕೆಸರು ಹಾಗೇ ಉಳಿಯುತ್ತಿತ್ತು. ಅದನ್ನು ಬೇಕೆಂದೇ ಬಿಡುತ್ತಿದ್ದನೋ ಸೋಮಾರಿತನವೋ, ಅವನಿಗೇ ಗೊತ್ತಿರಲಿಲ್ಲ. ಅಲ್ಲಿವರೆಗೆ ಎಳೆಯುವವರು ಯಾರಿದ್ದಾರೆ?

ಒಂದು ಭಾನುವಾರ ಬೆಳಿಗ್ಗೆ ದೇರಾದ ಅವನ ಕೋಣೆಯ ಕೆಳಗೆ ಹಾರ್ನ್ ಕೇಳಿಸಿತು. ತಂಗಿ ರಸೀನಾಳ ಗಂಡ ತೌಫೀಕ್ ಬಿಳಿ ಗಾಡಿಗೆ ಒರಗಿ ಮದುಮಗನ ಹಾಗೆ ನಗುತ್ತಿದ್ದ. ತುಂಬು ಬಸುರಿ ರಸೀನಾ ಹಿಂದಿನ ಸೀಟಿನಲ್ಲಿದ್ದಳು.

"ಹೇಗುಂಟು ಭಾವ? ಶಾರ್ಜಾದಲ್ಲಿ ಸಿಕ್ಕಿತು. ಇನ್ನು ಆಸ್ಪತ್ರೆಗೆ ಟ್ಯಾಕ್ಸಿ ಕಾಯುವ ರಗಳೆಯೇ ಇಲ್ಲ. ಯಲ್ಲಾ, ಹತ್ತಿ, ಮನೆಯಲ್ಲಿ ಊಟಕ್ಕೆ ರಸೀನಾ ನೆಯ್ಚೋರು ಮಾಡಿಟ್ಟಿದ್ದಾಳೆ."

ಹಿಂದಿನ ಗಾಜಿನಲ್ಲಿ ಗಡಿಯಾರದ ಗೋಪುರವಿತ್ತು. ಆ ಊರಿನ ಗಾಡಿ ಒಂದೂ ರವೂಫನ ಕೈ ತಪ್ಪಿಸಿ ಹೋಗಿರಲಿಲ್ಲ. ಬಾಗಿಲು ತೆರೆದರೆ ಊದಿನ ಪರಿಮಳ, ಅದರಡಿಯಲ್ಲಿ ಹೊಳೆ.

ಹೇಳಬೇಕು ಎಂದು ಬಾಯಿ ತೆರೆದ. ತೌಫೀಕನ ಮುಖದ ಸಂತೋಷ ನೋಡಿ ಮುಚ್ಚಿದ. ಹೇಳಿದರೆ ಸುದ್ದಿ ಅರ್ಬಾಬನ ಕಿವಿಗೆ ಬೀಳದೆ ಇದ್ದೀತೇ? ಮತ್ತೆ ಊರಿಗೆ ಟಿಕೆಟ್, ಖಲಾಸ್. ಸುಮ್ಮನೆ ಮುಂದಿನ ಸೀಟಿನಲ್ಲಿ ಕೂತ.

ಅಬುಧಾಬಿಯ ಹೆದ್ದಾರಿ ಸೇರಿದ ಮೇಲೆ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಆರಿಹೋದವು. ಕಣ್ಣು ಮಿಟುಕಿಸುವಷ್ಟರಲ್ಲಿ ಮರಳಿ ಬಂದವು. ಪಕ್ಕದಲ್ಲಿ ಟ್ರಕ್ಕೊಂದು ಗುಡುಗುತ್ತ ದಾಟಿತು.

"ಹೊಸ ಯಜಮಾನನಿಗೆ ಸಲಾಂ ಹೊಡೆಯಿತು," ಎಂದು ತೌಫೀಕ್ ನಕ್ಕ.

ನೀರು ಕುಡಿದ ವೈರುಗಳ ಆಟ ಇದೆಂದು ರವೂಫನಿಗೆ ಗೊತ್ತಿತ್ತು. ಈ ರಸ್ತೆಯ ನಡುವೆ ಗಾಡಿ ಸತ್ತು ನಿಂತರೆ ಹಿಂದಿನಿಂದ ಬರುವವರು ಬಿಡುತ್ತಾರೆಯೇ? ಹೆರಿಗೆ ನೋವು ಬಂದ ದಿನವೇ ನಿಂತರೆ? ಹೆದರಿಕೆ ಬೇರೆ ದಾರಿ ಕಾಣದೆ ಗದರಿಕೆಯಾಗಿ ಹೊರಬಂತು.

"ರಸೀನಾ, ಬೆಲ್ಟ್ ಹಾಕಿಕೊ! ಎಷ್ಟು ಸಲ ಹೇಳುವುದು?"

ಅವನು ಹೇಳಿದ್ದು ಅದೇ ಮೊದಲ ಸಲ.

"ಹಾಕಿದೆ ಅಣ್ಣ, ಸಾಲುವುದಿಲ್ಲ. ಈ ಹೊಟ್ಟೆಗೆ ಎಲ್ಲಿ ಸಾಲ್ತದೆ?" ಎನ್ನುತ್ತ ಅವಳು ಬೆಲ್ಟನ್ನು ಎಳೆದಳು, ಮತ್ತೆ ಎಳೆದಳು, ಕೊನೆ ಮುಟ್ಟುವವರೆಗೂ ಎಳೆದು ಸಿಕ್ಕಿಸಿದಳು. "ಇದೆಂತ ಅಣ್ಣ, ಇಷ್ಟು ಕೊಳೆ? ಮಣ್ಣು ಉದುರ್ತದೆ ಮೈಮೇಲೆ."

ರವೂಫ್ ತಿರುಗಿ ನೋಡಿದ. ತಂಗಿಯ ಭುಜದ ಮೇಲೆ ಗೇಣುದ್ದದ ಕಂದು ಪಟ್ಟಿ.

"ತೌಫೀಕ್, ಬದಿಗೆ ಹಾಕು."

"ಎಂತಾಯ್ತು ಭಾವ?"

"ಬದಿಗೆ ಹಾಕು ಮಾರಾಯ, ನಿನ್ನ ದಮ್ಮಯ್ಯ."

ಗಾಡಿ ನಿಂತ ಮೇಲೆ ರವೂಫ್ ಇಳಿದು, ತಂಗಿಯ ಕೈಹಿಡಿದು ಇಳಿಸಿ, ತಡೆಬೇಲಿಯ ಆಚೆಗೆ ಕರೆದೊಯ್ದ. ಬಿಸಿಲು ಉರಿಯುತ್ತಿತ್ತು. ಅವಳ ಬಿಳಿ ದುಪಟ್ಟಾದ ಮೇಲೆ ಕೆಸರಿನ ಗೆರೆ ಮೂಡಿತ್ತು.

"ಇಲ್ಲಿವರೆಗೆ ನೀರು ಬಂದಿತ್ತು," ಎಂದು ಅವಳ ಭುಜ ತೋರಿಸಿದ.

"ನಿಮಗೆ ಹೇಗೆ ಗೊತ್ತು?" ತೌಫೀಕನ ಮುಖದಲ್ಲಿ ನಗುವಿರಲಿಲ್ಲ.

"ತೊಳೆದದ್ದು ನಾನೇ."

ಬೈಯುತ್ತಾನೆ, ಕೊರಳಪಟ್ಟಿಗೇ ಕೈ ಹಾಕುತ್ತಾನೆ ಎಂದು ರವೂಫ್ ಕಣ್ಣು ಮುಚ್ಚಿ ನಿಂತ. ತೌಫೀಕ್ ಅದೊಂದನ್ನೂ ಮಾಡಲಿಲ್ಲ. ಹೆಂಡತಿಯ ಹೊಟ್ಟೆಯ ಕಡೆ ನೋಡಿದ, ಗಾಡಿಯ ಕಡೆ ನೋಡಿದ, ಆಮೇಲೆ ಮೆಲ್ಲಗೆ ಕೇಳಿದ.

"ಇಂಥದ್ದು ಇನ್ನೆಷ್ಟು ತೊಳೆದಿದ್ದೀರಿ ಭಾವ?"

ರಸ್ತೆಯಲ್ಲಿ ಗಾಡಿಗಳು ಸುಂಯ್ಯೆಂದು ಹೋಗುತ್ತಲೇ ಇದ್ದವು, ಒಳಗೆ ಹೆಂಗಸರು, ಮಕ್ಕಳು. ರವೂಫ್ ಒಂದೊಂದರ ಹಿಂದಿನ ಗಾಜನ್ನೂ ನೋಡುತ್ತ, ಗಡಿಯಾರದ ಗೋಪುರ ಕಾಣದಿರಲಿ ಎಂದು ಬೇಡುತ್ತ ನಿಂತ.