ಕುರಿ ಅಜ್ಜಿ ಬೆಕ್ಕನ್ನು ವಿಚಾರಿಸಿದ್ದು

2023ರ ಚಳಿಗಾಲದಲ್ಲಿ ನಾನು ಮಂಡ್ಯದ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ವಾಯ್ಸ್ ಡೈರೆಕ್ಟರ್ ಆಗಿದ್ದೆ. ಕಾರ್ಟೂನ್ ಪಾತ್ರಗಳಿಗೆ ದನಿ ಕೊಡುವವರನ್ನು ಹುಡುಕಿ, ಮೈಕಿನ ಮುಂದೆ ಕೂರಿಸಿ, ಬೈದೋ ಪುಸಲಾಯಿಸಿಯೋ ಅವರ ಬಾಯಿಂದ ಮಾತು ಹೊರಡಿಸುವುದು ಈ ಕೆಲಸ. ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಅರ್ಧ ಆಯಸ್ಸು ಸವೆಸಿ ಊರಿಗೆ ಮರಳಿದವನು ನಾನು. ಸೋಪಿನ ಜಾಹೀರಾತಿನಿಂದ ಹಿಡಿದು ರಾಕ್ಷಸರ ಅಟ್ಟಹಾಸದವರೆಗೆ ಎಲ್ಲವನ್ನೂ ಮಾಡಿಸಿದ್ದೆ. ಒಂದು ಕುರಿ ನನಗೆ ನೀರು ಕುಡಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಚಿತ್ರ ಮಕ್ಕಳ ವಾಹಿನಿಯೊಂದಕ್ಕೆ. ಮನೆಮಂದಿಯೆಲ್ಲ ಪತ್ತೇದಾರಿಕೆಗೆ ಇಳಿದಿರುವ ಬಂಡೂರು ಕುರಿ ಸಂಸಾರದ ಸಾಹಸ ಅದು. ಅಪ್ಪ ಟಗರಿಗೆ ಧೈರ್ಯ ಜಾಸ್ತಿ, ಬುದ್ಧಿ ಕಡಿಮೆ. ಅಮ್ಮ ಕುರಿ ವಾಸನೆ ಹಿಡಿಯುವುದರಲ್ಲಿ ಎತ್ತಿದ ಕೈ. ಎರಡು ಮರಿಗಳು ಎಲ್ಲ ಕಡೆ ಮೂಗು ತೂರಿಸುತ್ತವೆ. ಇವರೆಲ್ಲರ ಮೇಲೆ ಅಧಿಕಾರ ನಡೆಸುವ, ಕನ್ನಡಕ ಹಾಕಿದ ಅಜ್ಜಿ ಕುರಿ. ಮೊದಲ ಕಂತಿನಲ್ಲಿ ಆ ವರ್ಷದ ಮೊದಲ ಅವರೆಕಾಯಿ ಇವರ ಹಿತ್ತಲಲ್ಲೇ ಬಿಟ್ಟಿದೆ. ಇಡೀ ಊರಲ್ಲಿ ಅಂದು ಹಿದುಕಿದ ಬೇಳೆ ಸಾರು ಆಗಿದ್ದು ಇವರೊಬ್ಬರ ಮನೆಯಲ್ಲಿ. ನೋಡನೋಡುತ್ತಲೇ ಒಲೆಯ ಮೇಲಿದ್ದ ಸಾರು ಮಡಕೆ ಸಮೇತ ಮಾಯ! ಕಾಗೆ, ಮುಂಗುಸಿ, ಬೆಕ್ಕು, ಮೂವರ ಮೇಲೂ ಅನುಮಾನ. ಕದ್ದದ್ದು ಬೆಕ್ಕು. ಕೊನೆಯಲ್ಲಿ ಅಜ್ಜಿ ಕುರಿ ಬೆಕ್ಕನ್ನು ತನ್ನ ಬಾಗಿಲಿಗೆ ಕರೆಸಿ, ಭೂತಗನ್ನಡಿ ಹಿಡಿದು, ಹೆಜ್ಜೆ ಗುರುತುಗಳನ್ನು ವಿವರಿಸಿ ಕಳ್ಳನನ್ನು ಹಿಡಿಯಬೇಕು.

ಅಜ್ಜಿಯ ದನಿಗೆ ನಾನು ಆರಿಸಿದ್ದು ನಿಂಗಮ್ಮನನ್ನು. ಮಳವಳ್ಳಿ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ, ಅರವತ್ತು ದಾಟಿದ ಹೆಂಗಸು. ಆಕೆ ಈ ಮೂಲೆಯಲ್ಲಿ ಕೂಗಿದರೆ ಆ ಮೂಲೆಯ ಮೆಣಸಿನಕಾಯಿ ಅಂಗಡಿಯವನು ತಿರುಗಿ ನೋಡುತ್ತಿದ್ದ. ಬೆಕ್ಕಿನ ದನಿ, ಮದ್ದೂರು ಮಳವಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಬೋರನದು. ಸಂದರ್ಭ ಬಂದರೆ ಬೆಣ್ಣೆ ಹಚ್ಚಿದಂತೆ ಮಾತಾಡುವ ಆಸಾಮಿ.

ಇಲ್ಲಿ ಸ್ವಲ್ಪ ಕಸುಬಿನ ವಿಷಯ ಹೇಳಬೇಕು. ನಮ್ಮ ಚಿತ್ರಗಾರ ಶಶಿ ಕುರಿಬೆಕ್ಕುಗಳ ಬಾಯಿ ಅಲ್ಲಾಡುವುದನ್ನು ಮೊದಲೇ ಬರೆದು ಮುಗಿಸಿದ್ದ. ಪರದೆಯ ಮೇಲೆ ಬಾಯಿ ತೆರೆದಾಗ ಮಾತು ಶುರುವಾಗಬೇಕು, ಮುಚ್ಚಿದಾಗ ನಿಲ್ಲಬೇಕು. ಇದಕ್ಕೆ ಲಿಪ್ ಸಿಂಕ್ ಅನ್ನುತ್ತೇವೆ. ಒಂದು ಮಾತು ಹೆಚ್ಚಾದರೂ ಬಾಯಿ ಮುಚ್ಚಿಕೊಂಡ ಕುರಿ ಹೊಟ್ಟೆಯಿಂದ ಮಾತಾಡಿದಂತೆ ಕಾಣುತ್ತದೆ. ಜೊತೆಗೆ, ಗೊಂದಲ ಆಗದಿರಲಿ ಎಂದು ನಾನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ರೆಕಾರ್ಡ್ ಮಾಡುತ್ತಿದ್ದೆ.

ನಿಂಗಮ್ಮ ಎಲ್ಲ ದೃಶ್ಯಗಳನ್ನೂ ಬೆಲ್ಲ ಮೆದ್ದಷ್ಟು ಸಲೀಸಾಗಿ ಮುಗಿಸಿದರು. ಕೊನೆಯ ವಿಚಾರಣೆಗೆ ಬಂದಾಗ ಗಾಡಿ ಹೂತುಕೊಂಡಿತು. ಅಜ್ಜಿಯ ಮೊದಲ ಮಾತು, "ನಿಲ್ಲು, ಸಾರು ಕದ್ದವನು ನೀನೇ!" ಎಂದು. ಪರದೆಯ ಮೇಲೆ ಬೆಕ್ಕು ಬಾಗಿಲಲ್ಲಿ ಕಾಣಿಸಿದ್ದೇ ತಡ, ನಿಂಗಮ್ಮ "ಬಾರ್ಲಾ, ಉಂಡೇನ್ಲಾ?" ಅಂದುಬಿಡುತ್ತಿದ್ದರು. ಮತ್ತೆ ಟೇಕ್. ಮತ್ತೆ "ಉಂಡೇನ್ಲಾ?" ನನಗೆ ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು? ಬರೆದಿರೋದು ಎಲ್ಲಿ, ನೀವು ಹೇಳ್ತಿರೋದು ಎಲ್ಲಿ?"

"ನೀವೇ ಯೋಳಿ ಸಾ, ಬಾಗ್ಲಿಗ್ ಬಂದೋನ್ನ ಉಂಡಾ ಅಂತ ಕೇಳ್ದೆ ಕಳ್ಳ ಅನ್ನಾಕಾಯ್ತದಾ? ನಿಮ್ ಕುರಿಗೆ ಅಷ್ಟೂ ಮಾನ ಮರ್ವಾದೆ ಬ್ಯಾಡ್ವಾ?"

ಶಶಿ ಕಿಸಕ್ಕೆಂದ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಕೊನೆಗೆ ಆ ಮಾತನ್ನು ಕತ್ತರಿಸಿ ಉಳಿದದ್ದನ್ನು ಹೇಗೋ ತೇಪೆ ಹಾಕಿ ಜೋಡಿಸಿದೆವು.

ವಾಹಿನಿಯ ಪರವಾಗಿ ಅನಿತಾ ಎಂಬವರು ನೋಡಲು ಬಂದರು. ಸ್ಟುಡಿಯೋದವರ ಮಕ್ಕಳನ್ನೂ ಕೂರಿಸಿದ್ದೆವು. ಅರ್ಧದವರೆಗೆ ಮಕ್ಕಳು ಬಿದ್ದು ಬಿದ್ದು ನಕ್ಕವು. ಭೂತಗನ್ನಡಿ ಬಂದು ಹೆಜ್ಜೆ ಗುರುತಿನ ಪಾಠ ಶುರುವಾದ ಮೇಲೆ ಒಂದು ಆಕಳಿಸಿತು, ಇನ್ನೊಂದು ನೀರು ಬೇಕು ಅಂದಿತು. ಅನಿತಾ ಕಡ್ಡಿ ಮುರಿದಂತೆ ಹೇಳಿದರು: "ಸರ್, ಕೊನೆ ಸಪ್ಪೆ. ಅಜ್ಜಿ ಮಾತೂ ಬಾಯಿಗೆ ಕೂತಿಲ್ಲ. ಬೆಂಗಳೂರಿನ ಆರ್ಟಿಸ್ಟ್ ಹತ್ರ ಅಜ್ಜಿ ದನಿ ಪೂರ್ತಿ ಬದಲಾಯಿಸಿ. ಸೋಮವಾರ ಬೆಳಕವಾಡಿ ಶಾಲೆಯಲ್ಲಿ ಮಕ್ಕಳಿಗೆ ತೋರಿಸೋ ಹೊತ್ತಿಗೆ ಆಗಿರ್ಬೇಕು."

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮಳವಳ್ಳಿಗೇ ಹೋದೆ. ನಿಂಗಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವರು ನನ್ನ ಮಾತು ಕೇಳಿ ಕೈ ನಿಲ್ಲಿಸಿದರು.

"ಸಂತೇಲೆಲ್ಲಾ ಯೋಳ್ಬುಟ್ಟಿವ್ನಿ ಸಾ, ನನ್ ಕುರಿ ಟೀವೀಲ್ ಬತ್ತದೆ ಅಂತ. ಸಣ್ಣೋಳಿದ್ದಾಗ್ಲಿಂದ್ಲೂವೆ ಬಾಯ್ ಮುಚ್ಚೇ, ಬಾಯ್ ಮುಚ್ಚೇ ಅನ್ನುಸ್ಕಂಡೇ ಬಂದೋಳು ನಾನು. ನನ್ ಗಂಟ್ಲು ಬೇಕು ಅಂತ ಉಡೀಕಂಡ್ ಬಂದೋರು ನೀವೊಬ್ರೇಯ. ಈಗ ಯಾವ್ ಮೊಕ ಒತ್ಕಂಡ್ ಇಲ್ಲಿ ಕುಂತ್ಕಳ್ಳಿ?"

ಈ ದನಿ ಉಳಿಯಲೇಬೇಕು ಎಂದು ಅಲ್ಲೇ ನಿಂತು ತೀರ್ಮಾನ ಮಾಡಿದೆ. "ಶುಕ್ರವಾರ ಬನ್ನಿ, ಇನ್ನೊಂದು ಸಲ ನೋಡೋಣ. ಆದರೆ ಬರೆದಷ್ಟೇ ಹೇಳಬೇಕು" ಅಂದೆ. "ಆಯ್ತು ಬುಡಿ, ಉಂಡಾ ಅಂತ ಕೇಳಾಕಿಲ್ಲ" ಎಂದು ಮಾತು ಕೊಟ್ಟರು.

ಶುಕ್ರವಾರ ಕೊಟ್ಟ ಮಾತಿನಂತೆ ಬರೆದಷ್ಟೇ ಹೇಳಿದರು. ಒಂದಕ್ಷರ ಆಚೀಚೆ ಇಲ್ಲ, ತುಟಿಗೆ ತುಟಿ ಕೂತಿತು. ಆದರೆ ಏನು ಬಂತು? ಮಾತಿನಲ್ಲಿ ಉಪ್ಪಿಲ್ಲ, ಖಾರವಿಲ್ಲ. ಪಾಠ ಒಪ್ಪಿಸುವ ಮಗುವಿನ ಹಾಗೆ ಕೈಕಟ್ಟಿ ನಿಂತಿದ್ದರು. ಇದನ್ನು ಕಳಿಸಿದರೆ ಅನಿತಾ ಎರಡನೇ ಮಾತಿಲ್ಲದೆ ತೆಗೆದುಹಾಕುತ್ತಾರೆ ಎಂದು ಗೊತ್ತಾಯಿತು. ನಾನು ತಲೆ ಮೇಲೆ ಕೈಹೊತ್ತು ಕೂತೆ.

ಅಷ್ಟರಲ್ಲಿ ಬೋರ ಬಂದ. ಅವನದೂ ಒಂದೆರಡು ಮಾತು ಸರಿಪಡಿಸುವುದಿತ್ತು. ಅವತ್ತು ರಜೆ ಹಾಕಲಾಗದೆ ಮದ್ದೂರಿನ ಟ್ರಿಪ್ಪನ್ನು ಇನ್ನೊಬ್ಬನಿಗೆ ವಹಿಸಿ ಓಡಿಬಂದಿದ್ದ. "ಬಿರ್ನೆ ಮುಗ್ಸಿ ಸಾ, ಬಸ್ಸು ಬುಟ್ಬುಟ್ ಬಂದಿವ್ನಿ" ಎಂದ. ಸರಿ, ಇಬ್ಬರನ್ನೂ ಒಟ್ಟಿಗೇ ಮುಗಿಸೋಣ ಎಂದು ನನ್ನ ಪದ್ಧತಿ ಬಿಟ್ಟು ಎರಡು ಮೈಕು ಚಾಲೂ ಮಾಡಿಸಿದೆ. ಬೋರ ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟ. ಪರದೆಯ ಮೇಲಿನ ಬೆಕ್ಕನ್ನು ಕಂಡಾಗ ಬಾಯಿ ಬಿಗಿಹಿಡಿದಿದ್ದ ನಿಂಗಮ್ಮನಿಗೆ, ನಿಜವಾದ ಮನುಷ್ಯನೊಬ್ಬ ಎದುರಿಗೆ ಬಂದಾಗ ಆಗಲಿಲ್ಲ.

"ಬಾರ್ಲಾ ಬಾ. ಉಂಡೇನ್ಲಾ?"

ಬೋರ ಆಗಲೇ ಬೆಕ್ಕಿನ ದನಿಯಲ್ಲಿದ್ದ. "ಊಂ ಕಣಜ್ಜಿ, ಉಂಡೆ."

"ಏನ್ಲಾ ಸಾರು?"

"ಇದ್ಕಿದ್ ಬೇಳೆ ಸಾರು ಕಣಜ್ಜಿ. ಏನ್ ರುಚಿ ಅಂತೀಯಾ!"

ಊರಿಗೆಲ್ಲ ಒಂದೇ ಮನೆಯಲ್ಲಿ ಆಗಿದ್ದ ಸಾರು, ಕಳುವಾದ ಸಾರು! ಶಶಿ ಕುರ್ಚಿಯಿಂದ ಎದ್ದೇಬಿಟ್ಟ. "ಸಾರ್, ಕಳ್ಳ ತಾನಾಗೇ ಸಿಕ್ಬಿದ್ದ!"

ಬೋರ ಪೆಚ್ಚಾದ. "ತಪ್ಪಾಯ್ತಾ ಸಾ? ನಮ್ಮನೇಲ್ ಇವತ್ ಅದೇಯ ಮಾಡಿದ್ದು. ಉಂಡಾ ಅಂದ್ರೆ ಉಂಡೆ ಅನ್ನದು, ಏನ್ ಸಾರು ಅಂದ್ರೆ ಸಾರ್ ಯೋಳದು, ಇನ್ನೇನ್ ಮಾಡಾನೆ?"

ಅಯ್ಯೋ ಮಹರಾಯ, ಅದೇ ಬೇಕಾಗಿದ್ದದ್ದು! ನಮ್ಮ ಕಡೆ ಎಂಥ ಚಾಲಾಕಿ ಕಳ್ಳನಾದರೂ ಈ ಎರಡು ಪ್ರಶ್ನೆಗೆ ಯೋಚನೆ ಮಾಡಿ ಉತ್ತರ ಹೇಳುವುದಿಲ್ಲ. ಭೂತಗನ್ನಡಿಯನ್ನೂ ಹೆಜ್ಜೆ ಗುರುತನ್ನೂ ಕಿತ್ತು ಬಿಸಾಡಿದೆವು. "ನನ್ನ ಶ್ರಮವೆಲ್ಲ ನೀರುಪಾಲು" ಎಂದು ಗೊಣಗುತ್ತಲೇ ಶಶಿ ಆ ನಾಲ್ಕು ಮಾತಿಗೆ ತಕ್ಕಂತೆ ಕುರಿಗೂ ಬೆಕ್ಕಿಗೂ ಹೊಸ ಬಾಯಿ ಬರೆದ. ಕೊನೆಯ ಉತ್ತರ ಹೇಳಿದ ಮೇಲೆ ಬೆಕ್ಕು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುವುದು ಅವನದೇ ಸೇರ್ಪಡೆ.

ಸೋಮವಾರ ಬೆಳಕವಾಡಿಗೆ ನಿಂಗಮ್ಮನನ್ನೂ ಕರೆದುಕೊಂಡು ಹೋದೆ. ಅನಿತಾಗೆ ಏನೂ ಹೇಳಿರಲಿಲ್ಲ. ಪರದೆಯ ಮೇಲೆ ಕುರಿ ಅಜ್ಜಿ ಬಾಯಿ ತೆರೆದ ಕೂಡಲೇ ಅವರು ನನ್ನತ್ತ ತಿರುಗಿ ಹುಬ್ಬು ಗಂಟಿಕ್ಕಿದರು. ನಾನು ಕಿಟಕಿಯ ಕಡೆ ನೋಡಿದೆ. ನಿಂಗಮ್ಮ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ವಿಚಾರಣೆ ಬಂತು. "ಏನ್ಲಾ ಸಾರು?" ಎಂದು ಅಜ್ಜಿ ಕೇಳಿದಳು. ಬೆಕ್ಕು ಉತ್ತರ ಕೊಟ್ಟಿತು. ಮಕ್ಕಳು ಒಟ್ಟಿಗೇ ಎದ್ದು "ಅವ್ನೇ ಕಳ್ಳ! ಅವ್ನೇ!" ಎಂದು ಶಾಲೆಯ ಹೆಂಚು ಹಾರಿಹೋಗುವಂತೆ ಕೂಗಿದವು. ಅನಿತಾ ಕೂಡ ನಗುತ್ತ ಕಣ್ಣೊರೆಸಿಕೊಂಡರು. "ದನಿ ಇದೇ ಇರ್ಲಿ ಸರ್" ಎಂದಷ್ಟೇ ಹೇಳಿದರು.

ಖುಷಿ ತಡೆಯಲಾರದೆ ನಿಂಗಮ್ಮ ಹಿಂದಿನಿಂದಲೇ ನನ್ನನ್ನು ಕೂಗಿ ಕರೆದರು. ಆ ದನಿ ಕೇಳಿ ಇಡೀ ಕೋಣೆ ಹಿಂದಕ್ಕೆ ತಿರುಗಿತು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಹೋಗಿ ಆಕೆಯ ಗಲ್ಲ ಮುಟ್ಟಿ ನೋಡಿದಳು.

"ಅಜ್ಜೀ, ಆ ಕುರಿ ನೀನೇನಾ?"

"ಊಂ ಕಣವ್ವ. ನಾನೇಯ."

ಮಕ್ಕಳೆಲ್ಲ ಮುತ್ತಿಕೊಂಡು "ಮಾತಾಡಜ್ಜಿ, ಇನ್ನೊಂದ್ಸಲ ಮಾತಾಡು" ಎಂದು ಪೀಡಿಸತೊಡಗಿದವು. ಬಾಯಿ ಮುಚ್ಚು ಎಂದೇ ಕೇಳಿಸಿಕೊಂಡು ಬಂದ ಆ ಜೀವ ಅಂದು ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಮಾತಾಡುತ್ತಲೇ ಇತ್ತು.

ಆಮೇಲೆ ಎಷ್ಟೋ ಪಾತ್ರಗಳಿಗೆ ದನಿ ಮಾಡಿಸಿದ್ದೇನೆ. ಯಾರೇ ಬರಲಿ, ಮೊದಲು ಇಬ್ಬರನ್ನು ಎದುರುಬದುರು ಕೂರಿಸಿ, ತಮ್ಮ ಮನೆಬಾಗಿಲಲ್ಲಿ ಆಡುವಂತೆ ಆಡಲು ಬಿಡುತ್ತೇನೆ. ಕುರಿಗೆ ಬಾಯಿ ಬರೆಯುವುದು ಅದಾದ ಮೇಲೆ.