ಒಂದೇಟೂ ಹೊಡೆಯದ ಅಪ್ಪ

ಪಾಲಕೋಡ್ ಮಂಡಿಯಲ್ಲಿ ಟೊಮೆಟೊ ಆರಿಸುವ ರೋಜಾಗೆ, ತಾನು ತುಂಬಿದ ಪೆಟ್ಟಿಗೆ ಲಾರಿ ಹತ್ತುವಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಓಡಿಹೋಗಿ ಪೆಟ್ಟಿಗೆ ಇಳಿಸಿ, ಕೊಳೆತ ಹಣ್ಣು ಉಳಿದಿದೆಯೇ ಎಂದು ಮತ್ತೆ ತಡಕುತ್ತಾಳೆ. ಲಾರಿಯವರು ಬಾಯಿಗೆ ಬಂದಂತೆ ಬೈಯುತ್ತಾರೆ.

ಇದನ್ನು ತೋರಿಸಲು ಹೋದ ದಿನ, ಚಿಕ್ಕಂದಿನಲ್ಲಿ ಅಪ್ಪ ಹೊಡೆಯುತ್ತಿದ್ದರಾ ಎಂದು ಧರ್ಮಪುರಿಯ ಡಾಕ್ಟರು ಕೇಳಿದ್ದರು. ಆಚೆ ಬಂದ ಮೇಲೆ, ಜೊತೆಗಿದ್ದ ಅಣ್ಣ ಪ್ರಭಾಕರ ಸಿಡುಕಿದ.

"ಅಂಗ್ಯಾಕೆ ಕೇಳ್ತಾರೆ ಲೇ? ಅಪ್ಪ ಒಂದ್ ದಿನಾನಾದ್ರೂ ಕೈ ಎತ್ತೈತಾ? ಒಂದ್ ಮಾತು ಅಂದೈತಾ?"

"ಇಲ್ಲಣ್ಣ."

ನಿಜವೇ. ಹೊಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಚಿಕ್ಕ ರೋಜಾ ತುಂಬಿದ ಪೆಟ್ಟಿಗೆಯಲ್ಲಿ ಒಂದು ಕೊಳೆತ ಹಣ್ಣು ಸಿಕ್ಕರೆ ಸಾಕು, ಅಪ್ಪ ನಾರಪ್ಪ ಅಷ್ಟನ್ನೂ ನೆಲಕ್ಕೆ ಬೋರಲು ಹಾಕಿ ನಡೆದುಬಿಡುತ್ತಿದ್ದ. ಅವಳು ಮತ್ತೆ ತುಂಬಿಟ್ಟರೂ ಅವಳ ಮುಖ ನೋಡುತ್ತಿರಲಿಲ್ಲ.

ಅಂದು ಸಂಜೆ ತಮ್ಮ ಹೊಲದಲ್ಲಿ ರೋಜಾಳ ಮಗಳು ಸಂಧ್ಯಾ ತುಂಬಿದ ಪೆಟ್ಟಿಗೆಯ ಮೇಲೆಯೇ ಒಂದು ಕೊಳೆತ ಹಣ್ಣಿತ್ತು. ರೋಜಾ ಅದನ್ನು ಕಂಡಳು. ಅಪ್ಪನಂತೆ ಮಾಡಬಾರದೆಂದು ಎರಡೂ ಕೈ ಕಟ್ಟಿಕೊಂಡು, ತುಟಿ ಕಚ್ಚಿ, ಒಂದು ಮಾತೂ ಆಡದೆ ನಿಂತಳು.

ಸಂಧ್ಯಾ ಅವ್ವನ ಮುಖ ನೋಡಿದಳು. ನೋಡಿ, ತಾನೇ ಪೆಟ್ಟಿಗೆಯನ್ನು ನೆಲಕ್ಕೆ ಬೋರಲು ಹಾಕಿದಳು.