ಕಾಲುವೆಯ ಕಲ್ಲು ಮಗುಚಿದ ದಿನ

ಬೀರುವಿನಲ್ಲಿ ಏನೋ ಹುಡುಕುವಾಗ ಮಸಿಯ ವಾಸನೆ ಬಂತು. ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ದಪ್ಪ ಕಾಗದ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ತೆಗೆದ ಅಚ್ಚು ಅದು. ಅದರಲ್ಲಿ ಏನಿದೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ನಿಮಗೆ ನಮ್ಮಜ್ಜಿಯ ಒದ್ದೆ ಕಾಲುಗಳ ವಿಷಯ ಹೇಳಬೇಕು.

ಅಜ್ಜಿ ಮಾದಮ್ಮ, ನಮ್ಮಪ್ಪನ ತಾಯಿ. ನಮ್ಮದು ತಮಿಳುನಾಡಿನಲ್ಲಿರುವ ಕನ್ನಡ ಮಾತಿನ ಮನೆ. ಹರೂರಿನಿಂದ ಕಂಬೈನಲ್ಲೂರಿಗೆ ಹೋಗುವ ಬಸ್ಸು ನಮ್ಮೂರಿನ ಹುಣಸೆಮರದ ಬಳಿ ನಿಲ್ಲುತ್ತದೆ. ಅಲ್ಲಿಂದ ನಮ್ಮ ರಾಗಿ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಲುವೆ, ಅದರ ಮೇಲೆ ಅಡ್ಡಲಾಗಿ ಹಾಸಿದ ಚಪ್ಪಡಿ. ಊರಿನ ಜನ, ದನ, ಸೈಕಲ್ಲು, ಎಲ್ಲಾ ಆ ಚಪ್ಪಡಿಯ ಮೇಲೇ ದಾಟುತ್ತಿದ್ದವು. ನಮ್ಮ ಮನೆಯ ಹೆಂಗಸರು ಮಾತ್ರ ಸೀರೆ ಎತ್ತಿ ಕಟ್ಟಿ ಪಕ್ಕದ ನೀರಿಗೆ ಇಳಿಯುತ್ತಿದ್ದರು. ಇತಿಹಾಸದಲ್ಲಿ ಎಂ.ಎ. ಮಾಡಿ ಬಂದ ಮೇಲೆ ನಾನೂ ಅಷ್ಟೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡೂ ಕಡೆ ನೋಡಿಕೊಂಡು ನೀರಿಗೆ ಇಳಿಯುತ್ತಿದ್ದೆ. ವಿದ್ಯೆಯಿಂದ ಬಂದ ಬದಲಾವಣೆ ಅಷ್ಟೇ.

"ಅದ್ರಡೀಲಿ ಈರಪ್ಪ ಮಲಗವ್ನೆ ಕಣಮ್ಮಿ," ಎನ್ನುತ್ತಿದ್ದಳು ಅಜ್ಜಿ. "ಕಳ್ಳರ ಕೈಯಿಂದ ದನ ಬಿಡಿಸ್ಕೊಂಡು ಬಂದ. ನೀರು ಕೇಳ್ದ. ಕುಡಿಯಕ್ ಮುಂಚೆ ಜೀವ ಓಯ್ತು. ಕಾಲತ್ರ ಚೊಂಬು ಅಂಗೇ ಐತೆ."

"ನೀನು ನೋಡಿದ್ದೀಯಾ?"

"ನಾನೆಲ್ಲಿ ನೋಡ್ಲಿ? ನಮ್ಮತ್ತೆ ಏಳಿದ್ಲು. ಅವ್ಳಿಗೆ ಅವ್ಳತ್ತೆ."

ವರ್ಷಕ್ಕೊಮ್ಮೆ, ರಾಗಿಯ ಮೊದಲ ಹೊರೆ ಮನೆಗೆ ಬಂದ ದಿನ, ಅವಳು ಒಂದು ಚೊಂಬು ನೀರನ್ನು ಆ ಚಪ್ಪಡಿಯ ಮೇಲೆ ಸುರಿದು ಬರುತ್ತಿದ್ದಳು.

ಹರೂರಿನಲ್ಲಿ ಒಂದು ಚಿಕ್ಕ ಇತಿಹಾಸ ಸಂಘವಿತ್ತು. ಪ್ರತಿ ವರ್ಷ ಅವರು ಒಂದೊಂದು ಊರಿನಲ್ಲಿ ಬಿದ್ದುಹೋದ ವೀರಗಲ್ಲನ್ನು ನಿಲ್ಲಿಸಿ, ಮಾಲೆ ಹಾಕಿ, ಅದರ ಶಾಸನವನ್ನು ಊರಿನವರಿಗೆ ಓದಿ ಹೇಳುತ್ತಿದ್ದರು. ನಾನು ಅವರಿಗೆ ಪತ್ರ ಬರೆದೆ. "ಬೋರಲಾಗಿ ಬಿದ್ದ ವೀರಗಲ್ಲು ಇರಬಹುದು" ಎಂದು ಜಾಗರೂಕಳಾಗಿ ಬರೆದೆ. ಚೊಂಬಿನ ಮಾತು ಬರೆಯಲಿಲ್ಲ. ತಿಳಿದವರಿಗೆ ಬರೆಯುವ ಕಾಗದದಲ್ಲಿ ಅಜ್ಜಿಯನ್ನು ಸಾಕ್ಷಿಗೆ ಕರೆಯಲು ನಾಚಿಕೆಯಾಯಿತು.

ಸಂಘದವರು ಒಂದು ಭಾನುವಾರ ಮೈಕ್ ಸೆಟ್, ಎರಡು ಮಾಲೆ, ಅಚ್ಚು ಹಾಕಿಸಿದ ನೋಟೀಸು ಹಿಡಿದು ಬಂದೇಬಿಟ್ಟರು. ನನ್ನ "ಇರಬಹುದು" ನೋಟೀಸಿನಲ್ಲಿ ಮಾಯವಾಗಿತ್ತು. ಊರೆಲ್ಲ ಕಾಲುವೆಯ ಬಳಿ ಸೇರಿತು. ಕಲ್ಲಿನಡಿ ಏನೂ ಇಲ್ಲದಿದ್ದರೆ ನನ್ನ ಮಾನದ ಮಾತು ಹಾಗಿರಲಿ, ಅಜ್ಜಿ ಜೀವಮಾನವಿಡೀ ಕಾಲು ಒದ್ದೆ ಮಾಡಿಕೊಂಡದ್ದು ಊರಿಗೆ ತಮಾಷೆಯಾಗಿ ಉಳಿಯುತ್ತಿತ್ತು. ಚಿಕ್ಕಪ್ಪ ಆಗಲೇ ಶುರುಮಾಡಿದ್ದ. "ಏನಮ್ಮಾ ಎಂ.ಎ., ಅಡೀಲಿ ಏನೂ ಇಲ್ಲಾಂದ್ರೆ ನಮ್ಮವ್ವನ್ನೇ ನಿಲ್ಸಿ ಮಾಲೆ ಆಕ್ಬೇಕಾಯ್ತದೆ!"

"ಬಾಯ್ ಮುಚ್ಕೊಂಡು ಆರೆ ಇಡ್ಕೊಳ್ಳೋ," ಎಂದಳು ಅಜ್ಜಿ. ಅವಳ ಕೈಯಲ್ಲಿ ತುಂಬಿದ ಚೊಂಬಿತ್ತು.

ಎಂಟು ಜನ ಹಾರೆ ಹಾಕಿ ಮೀಟಿದರು. ಕಲ್ಲು ಕೆಸರನ್ನು ಬಿಡಲು ಒಪ್ಪದೆ ಒಪ್ಪದೆ ಮಗುಚಿಕೊಂಡಿತು. ಮೇಲೆಲ್ಲ ಬರೀ ಕೆಸರು. ಚಿಕ್ಕಪ್ಪನೇ ನೀರು ಸುರಿದು ತೆಂಗಿನ ನಾರಿನಿಂದ ಉಜ್ಜಿದ. ಮೊದಲು ಬಿಲ್ಲಿನ ತುದಿ ಕಂಡಿತು. ಆಮೇಲೆ ಬಿಲ್ಲು ಹಿಡಿದ ಕೈ, ಹಿಂದೆ ಎರಡು ದನ. ಜನ ಕೂಗಿದರು, ಯಾರೋ ತಮಟೆ ಬಡಿದರು. ಅಜ್ಜಿ ನಗಲಿಲ್ಲ.

"ಕೆಳಗೆ ಉಜ್ಜೋ. ಕಾಲತ್ರ."

ಚಿಕ್ಕಪ್ಪ ಉಜ್ಜಿದ. ನಿಂತುಹೋದ. ಮತ್ತೆ ಉಜ್ಜಿ ತಲೆಯೆತ್ತಿದಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅವ್ವಾ... ಚೊಂಬು ಐತೆ."

ನಿಂಬೆಹಣ್ಣಿನ ಗಾತ್ರದ ಚೊಂಬು, ವೀರನ ಎಡಗಾಲಿನ ಪಕ್ಕ. ಬದುಕಿರುವವರು ಯಾರೂ ನೋಡಿರದ ಚೊಂಬು.

ಸಂಘದ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿ ಅಕ್ಷರ ಹುಡುಕಿದರು. ನೀರು ಎಲ್ಲವನ್ನೂ ಸವೆಸಿತ್ತು. ನೋಟೀಸಿನಲ್ಲಿ ಮುಂದಿನ ಕಾರ್ಯಕ್ರಮ ಶಾಸನ ಓದುವುದು. ಅವರು ಅಜ್ಜಿಯ ಕೈಗೆ ಮೈಕ್ ಕೊಟ್ಟು ತಮಿಳಿನಲ್ಲಿ, "ಎಳುತ್ತು ಅಳಿಂಜು ಪೋಚ್ಚು ಪಾಟ್ಟಿ. ನೀಂಗಳೇ ಪಡಿಂಗ," ಎಂದರು. ಅಕ್ಷರ ಅಳಿಸಿಹೋಗಿದೆ, ನೀವೇ ಓದಿ ಎಂದು.

"ಅಯ್ಯೋ ಸಾರ್, ನಂಗೆ ಓದಕ್ ಬರಲ್ಲ!" ಮೈಕ್ ಅದನ್ನು ಊರಿಗೆಲ್ಲ ಕೇಳಿಸಿತು. ಜನ ನಕ್ಕರು. ಆಮೇಲೆ ಅವಳು ಒಂದು ಮಾತೂ ತಪ್ಪದೆ ಹೇಳಿದಳು, ಕನ್ನಡದಲ್ಲಿ: ದನ, ಕಳ್ಳರು, ಬಾಯಾರಿಕೆ, ಚೊಂಬು, ಅತ್ತೆ, ಅತ್ತೆಯ ಅತ್ತೆ. ಮುಗಿಸಿ, ಕಲ್ಲನ್ನು ನಿಲ್ಲಿಸಿದ ಮೇಲೆ, ಚೊಂಬಿನ ನೀರನ್ನು ವೀರನ ಬಾಯಿಗೆ ಸುರಿದಳು.

"ಇಷ್ಟು ವರ್ಷ ಬೆನ್ನಿಗೆ ಉಯ್ದ್ನಲ್ಲೋ ಅಪ್ಪಾ. ಈಗ ಕುಡಿ."

ಒಂದು ಮಾಲೆ ಕಲ್ಲಿಗೆ ಹೋಯಿತು. ಅಧ್ಯಕ್ಷರಿಗೆಂದು ತಂದಿದ್ದ ಇನ್ನೊಂದನ್ನು ಚಿಕ್ಕಪ್ಪ ಕಿತ್ತುಕೊಂಡು ಅಜ್ಜಿಯ ಕೊರಳಿಗೆ ಹಾಕಿದ. "ಏಳಿದ್ನಲ್ಲ, ಮಾಲೆ ಆಕ್ತೀನಿ ಅಂತ!" ಅಧ್ಯಕ್ಷರೇ ಮೊದಲು ಚಪ್ಪಾಳೆ ತಟ್ಟಿದರು.

ಕಾಲುವೆಗೆ ಬೇರೆ ಚಪ್ಪಡಿ ಹಾಸಿದರು. ಮಾಲೆ ಹಾಕಿಕೊಂಡೇ ಅಜ್ಜಿ ಅದರ ಮೇಲೆ ಆಚೆ ಹೋದಳು, ಈಚೆ ಬಂದಳು. ಸಾಲದೆಂಬಂತೆ ಇನ್ನೊಮ್ಮೆ ಹೋಗಿಬಂದಳು. ಕಾಲು ಒಣಗಿಯೇ ಇತ್ತು.

ಈಗ ಸಂಘದ ಪತ್ರಗಳನ್ನು ಬರೆಯುವವಳು ನಾನೇ. ತೊಪ್ಪೂರಿನ ಕಡೆಯ ಒಂದು ಕಲ್ಲಿನ ಬಗ್ಗೆ ಬರೆದ ವರದಿ ಮೇಜಿನ ಮೇಲಿದೆ. ಅಲ್ಲಿನ ಮುದುಕಿಯೊಬ್ಬಳು ಆ ಕಲ್ಲಿಗೆ ಯಾಕೆ ಬೆಣ್ಣೆ ಹಚ್ಚುತ್ತಾಳೆಂದು ಅರ್ಧ ಗಂಟೆ ಹೇಳಿದ್ದಳು. ನಾನು "ಸ್ಥಳೀಯರ ನಂಬಿಕೆ ಇರಬಹುದು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಬೀರುವಿನಲ್ಲಿ ಸಿಕ್ಕಿದ, ನಮ್ಮ ಕಾಲುವೆಯ ಕಲ್ಲಿನ ಅಚ್ಚನ್ನು ಪೂರ್ತಿ ಬಿಚ್ಚಿ ಗೋಡೆಗೆ ತೂಗುಹಾಕಿದೆ: ಬಿಲ್ಲು, ಎರಡು ದನ, ಎಡಗಾಲಿನ ಪಕ್ಕ ಚೊಂಬು. ಹೊಸ ಹಾಳೆ ತೆಗೆದುಕೊಂಡು ಮೊದಲ ಸಾಲಿನಲ್ಲಿ ಆ ಮುದುಕಿಯ ಹೆಸರು ಬರೆದೆ. ಆಮೇಲೆ ಅವಳ ಮಾತು, ಅವಳು ಹೇಳಿದಂತೆಯೇ. ಕಲ್ಲಿನ ಉದ್ದಗಲ ಕೊನೆಗೆ.